ಮೆಲ್ಬರ್ನಿನಲ್ಲಿ ಹಸಿದ ಕೌದಿಗಳು

ಗೋಕಾಕ

ನಾನು ಮದುವೆ ಫೋಟೊ ತೆಗೆಯುವವನು. ಗೋಕಾಕದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಸ್ಟುಡಿಯೊ. ಮದುವೆ, ಬಸುರಿಯರ ಕುಬಸ, ಕೂಸುಗಳ ಜಾವಳ, ಸಾಲಿ ಮಕ್ಕಳ ಗುಂಪು ಫೋಟೊ, ಮತ್ತೆ ಪಾಸ್‌ಪೋರ್ಟ್ ಸೈಜು. ಇಷ್ಟು ವರ್ಷ ಊರವರ ಪಾಸ್‌ಪೋರ್ಟಿಗೆಲ್ಲ ಫೋಟೊ ತೆಗೆದುಕೊಟ್ಟೆ. ಅವರು ದುಬೈ, ಮಸ್ಕತ್ತು ಅಂತ ಹೋಗಿ ಬಂದು ನನಗೆ ಅತ್ತರಿನ ಬಾಟಲಿ ಕೊಟ್ಟರು. ನನ್ನ ಹೆಸರಿನಲ್ಲೂ ಒಂದು ಪಾಸ್‌ಪೋರ್ಟ್ ಇರಲಿ ಅಂತ ಒಂದು ದಿನವೂ ಅನ್ನಿಸಿರಲಿಲ್ಲ. ಕೊನೆಗೆ ಅದು ಬೇಕಾದಾಗ ಕ್ಯಾಮೆರಾಕ್ಕೆ ಟೈಮರ್ ಇಟ್ಟು ನನ್ನ ಫೋಟೊ ನಾನೇ ತೆಗೆದುಕೊಂಡೆ. ಗಿರಾಕಿಗಳಿಗೆ 'ಕಣ್ಣ ಮುಚ್ಚಬ್ಯಾಡ್ರಿ' ಅಂತ ಬೈಯುವ ನಾನು ಪ್ರತಿ ಸಲವೂ ಕಣ್ಣು ಮುಚ್ಚಿದ್ದೆ.

ಇದಕ್ಕೆಲ್ಲ ಕಾರಣ ಮೂಡಲಗಿಯ ಬಸವರಾಜ. ಅವನ ಮದುವೆ ಫೋಟೊ ತೆಗೆದವನು ನಾನೇ. ಹೋದ ವರ್ಷ ಸ್ಟುಡಿಯೊಕ್ಕೆ ಬಂದು, "ಕಾಕಾ, ಒಂದ್ ಕುರ್ಚೀದು ಫೋಟೊ ತಗೀಬೇಕಾಗೇತ್ರಿ," ಅಂದ.

"ತಗಿಯೂಣು. ಕುರ್ಚಿ ಮ್ಯಾಲ ಯಾರ ಕೂಡ್ತಾರ?"

"ಯಾರೂ ಕೂಡಂಗಿಲ್ರಿ. ಬರೇ ಕುರ್ಚಿ."

ನನಗೆ ಇದು ಸರಿಬರಲಿಲ್ಲ. ಖಾಲಿ ಕುರ್ಚಿಯ ಫೋಟೊ ಯಾರು ನೋಡುತ್ತಾರೆ? ನಮ್ಮ ಕಡೆ ಫೋಟೊದಲ್ಲಿ ಕುರ್ಚಿ ಇರುವುದೇ ಅಜ್ಜ ಕೂಡ್ರಲಿ, ಉಳಿದವರು ಹಿಂದೆ ನಿಲ್ಲಲಿ ಅಂತ. ಆದರೂ ಹಳೆಯ ಗಿರಾಕಿ, ಹೂಂ ಅಂದೆ.

ಮೂಡಲಗಿ

ಬಸವರಾಜ ಹಳೆಯ ಚಕ್ಕಡಿಗಳನ್ನು ಕೊಂಡು ತರುತ್ತಾನೆ. ಟ್ರ್ಯಾಕ್ಟರ್ ಬಂದ ಮೇಲೆ ಮನೆಯ ಹಿತ್ತಲಲ್ಲಿ ಮಳೆಗೆ ನೆನೆಯುತ್ತ ಬಿದ್ದಿರುವ ಚಕ್ಕಡಿಗಳು ಪ್ರತಿ ಊರಲ್ಲೂ ಇವೆ. ಆ ಜಾಲಿ ಕಟ್ಟಿಗೆ ಕಬ್ಬಿಣದ ಹಾಗೆ ಗಟ್ಟಿ. ಅದನ್ನು ಕೊಯ್ದು, ಕೆತ್ತಿ, ತನ್ನದೇ ನಮೂನೆಯ ಕುರ್ಚಿ, ಬಾಂಕು ಮಾಡುತ್ತಾನೆ. ಯಾವ ಕಂಪನಿಗೂ ಅಲ್ಲ, ಯಾರ ನಕಾಶೆಯನ್ನೂ ನೋಡಿ ಅಲ್ಲ. ಅವನ ಕುರ್ಚಿ ನೆಲದಿಂದ ಒಂದು ಗೇಣಷ್ಟೇ ಎತ್ತರ, ಅಗಲ ಮಾತ್ರ ಎರಡು ಪಟ್ಟು. ಅದರ ಮೇಲೆ ಕಾಲು ಮಡಚಿ ಕೂಡ್ರಬೇಕು, ಊಟಕ್ಕೆ ಕೂತ ಹಾಗೆ.

ಅವನ ಶೆಡ್ಡಿನಲ್ಲಿ ಕಟ್ಟಿಗೆಪುಡಿ ಹಾರಿ ನನ್ನ ಲೆನ್ಸು ಹಾಳಾಗುವುದು ಬಾಕಿ ಇತ್ತು. ಬೆಳಕು ತಿರುಗಿಸಲು ಅವನ ಅಪ್ಪನ ಧೋತರ ಇಸಕೊಂಡು ಕಿಟಕಿಯ ಎದುರು ಕಟ್ಟಿದೆ. ಮೊದಲ ಫೋಟೊಕ್ಕೆ ಬಟನ್ ಒತ್ತುವ ಮುಂಚೆ, ಚಟದಿಂದ, "ಹಂಗ ಇರ್ರಿ, ಅಳ್ಳಾಡಬ್ಯಾಡ್ರಿ," ಅಂದೆ. ಬಸವರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ಕುರ್ಚಿ ಮಾತ್ರ ಅಳ್ಳಾಡಲಿಲ್ಲ. ಕಣ್ಣೂ ಮುಚ್ಚಲಿಲ್ಲ. ಇಂಥ ಗಿರಾಕಿ ನನಗೆ ಅದುವರೆಗೆ ಸಿಕ್ಕಿರಲಿಲ್ಲ, ಖರೆ ಹೇಳುತ್ತೇನೆ.

ಹುಕ್ಕೇರಿ

ಬಸವರಾಜನ ಹೆಂಡತಿ ಶೋಭಾ. ಅವಳ ತವರು ಹುಕ್ಕೇರಿ. ಬಟ್ಟೆ ವಿನ್ಯಾಸ ಕಲಿತವಳು. ಸಂಕೇಶ್ವರದ ಅಂಗಡಿಗೆ ರೆಡಿಮೇಡ್ ಹೊಲಿದುಕೊಡುವ ಕೆಲಸ ಬಿಟ್ಟು ಈಗ ಕೌದಿಯಿಂದ ಜಾಕೆಟ್ ಮಾಡುತ್ತಾಳೆ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೈಯಲ್ಲಿ ಸಾಲು ಹೊಲಿಗೆ ಹಾಕುವ ಕೌದಿ ನಮ್ಮ ಪ್ರತಿ ಮನೆಯಲ್ಲೂ ಇರುತ್ತದೆ. ಅದನ್ನೇ ಅವಳು ಮೈಮೇಲೆ ತೊಡುವ ಹಾಗೆ ಮಾಡಿದ್ದಳು. ಕತ್ತರಿಸಿ ಕೊಡುವುದು ಅವಳು, ಸಾಲು ಹೊಲಿಗೆ ಅವಳ ಅವ್ವ ಗಂಗವ್ವನದು.

ಆಗ ಅವಳು ಮಾಡುತ್ತಿದ್ದ ಏಳು ಜಾಕೆಟ್ಟುಗಳ ಸೀರೆಗಳು ಓಣಿಯ ಹೆಣ್ಣುಮಕ್ಕಳು ಕೊಟ್ಟವು. ಎಲ್ಲವೂ ತೀರಿಕೊಂಡ ತಾಯಂದಿರ ಸೀರೆಗಳು. ಗಂಗವ್ವನೂ ತನ್ನ ಅವ್ವನ ಇಳಕಲ್ ಸೀರೆ ತೆಗೆದುಕೊಟ್ಟಿದ್ದಳು. ಮಾರಬಾರದು, ನಾಲ್ಕು ಜನ ನೋಡಲಿ, ಮತ್ತೆ ಮನೆಗೆ ಬರಲಿ ಅಂತ ಮಾತಾಗಿತ್ತು. ಮುಂದೆ ಅವು ಊರು ಬಿಟ್ಟು ಹೊರಟಾಗ ಒಬ್ಬಾಕೆ ಅಂತೂ ಜಾಕೆಟ್ಟನ್ನು ಎದೆಗೆ ಒತ್ತಿ ಹಿಡಿದು, "ನಮ್ಮವ್ವ ಘಟಪ್ರಭಾದಿಂದ ಆಚಿಗೆ ರೈಲ್ ಹತ್ತಿದಾಕಿ ಅಲ್ಲ. ಹುಷಾರಿಲೆ ಕರಕೊಂಡ್ ಹೋಗಿ ಹುಷಾರಿಲೆ ಕರಕೊಂಡ್ ಬಾ ಯವ್ವಾ," ಅಂದಳು. ಶೋಭಾ ಅವಳ ಕೈಮುಟ್ಟಿ ಮಾತು ಕೊಟ್ಟಳು.

ನಾನು ಫೋಟೊ ತೆಗೆಯಲು ಹೋದ ದಿನ ಗಂಗವ್ವ ಕೊನೆಯ ಜಾಕೆಟ್ಟಿನ ಕೊನೆಯ ಮೂಲೆ ಹೊಲಿಯುತ್ತಿದ್ದಳು. ಮುಚ್ಚುವ ಮೊದಲು ಒಣಗಿದ ಜೋಳದ ರೊಟ್ಟಿಯ ಒಂದು ಚೂರು, ನಾಲ್ಕು ಕಾಳು ಜೋಳ ಒಳಗಿಟ್ಟಳು. ನಮ್ಮಲ್ಲಿ ಕೌದಿ ಮುಗಿಸುವಾಗ ಹೀಗೆ ಹೊಟ್ಟೆ ತುಂಬಿಸುತ್ತಾರೆ. ನಮ್ಮ ಅವ್ವನೂ ಮಾಡುತ್ತಿದ್ದಳು.

"ಜಾಕೆಟ್ಟಿಗೂ ಇಡ್ತೀರೇನ್ರಿ ಗಂಗಕ್ಕಾ?" ಅಂತ ಚೇಷ್ಟೆ ಮಾಡಿದೆ.

"ಮತ್ತ? ತೋಳು ಹಚ್ಚಿದ್ರ ಹೊಟ್ಟಿ ಇರಂಗಿಲ್ಲೇನ್ ತಮ್ಮಾ?" ಅಂದಳು. "ಹಸದ ಕೌದಿ ಮಂದಿಗಿ ಬೆಚ್ಚಗ ಇಡಂಗಿಲ್ಲ."

ಅವಳ ಕೈಯ ಫೋಟೊ ತೆಗೆದೆ. ಬೆರಳಲ್ಲಿ ರೊಟ್ಟಿ ಚೂರು, ಬಾಜೂಕೆ ಸೂಜಿ. ಶೋಭಾ ಅಲ್ಲೇ ಇದ್ದಳು, ಬಸವರಾಜ ಚಹಾ ಕುಡಿಯುತ್ತ ಕೂತಿದ್ದ. ನಮಗೆ ಯಾರಿಗೂ ಏನೂ ವಿಶೇಷ ಅನ್ನಿಸಲಿಲ್ಲ.

ಆ ಫೋಟೊಗಳನ್ನು ಶೋಭಾ ಇಂಟರ್ನೆಟ್ಟಿನಲ್ಲಿ ಹಾಕಿದಳು. ಮೆಲ್ಬರ್ನಿನಲ್ಲಿ ಸ್ವಂತಕ್ಕೆ ಕೆಲಸ ಮಾಡುವ ವಿನ್ಯಾಸಕಾರರ ಒಂದು ಗುಂಪಿನ ಕಣ್ಣಿಗೆ ಅವು ಬಿದ್ದವು. ನಮ್ಮ ಜೊತೆ ಪ್ರದರ್ಶನದಲ್ಲಿ ಸೇರಿ ಅಂತ ಗಂಡ ಹೆಂಡತಿಯನ್ನು ಕರೆದರು. ಫೋಟೊ ತೆಗೆದವರೂ ಬರಲಿ, ನಮ್ಮೆಲ್ಲರ ಕೆಲಸದ ಫೋಟೊ ಅವರೇ ತೆಗೆಯಲಿ ಅಂದರಂತೆ. ಹೀಗೆ ಕುಬಸದ ಫೋಟೊಗ್ರಾಫರ್ ಆಸ್ಟ್ರೇಲಿಯಾಕ್ಕೆ ಹೊರಟ.

ಮೆಲ್ಬರ್ನ್ ವಿಮಾನ ನಿಲ್ದಾಣ

ಆ ದೇಶದವರು ಹೊರಗಿನ ಕಟ್ಟಿಗೆ, ಕಾಳು, ಮಣ್ಣು ಯಾವುದನ್ನೂ ಸುಮ್ಮನೆ ಒಳಗೆ ಬಿಡುವುದಿಲ್ಲ ಅಂತ ಮೊದಲೇ ಹೇಳಿದ್ದರು. ಹುಳ ಬಂದು ಬೆಳೆ ಹಾಳಾದೀತೆಂಬ ಅಂಜಿಕೆ. ಹಾಗಾಗಿ ಬಸವರಾಜ ಕುರ್ಚಿಗಳಿಗೆ ಹುಳ ಸಾಯುವ ಹೊಗೆ ಹಾಕಿಸಿ, ಅದರ ಸರ್ಟಿಫಿಕೇಟ್ ಮಾಡಿಸಿ, ಹಡಗಿನಲ್ಲಿ ಮುಂಚಿತವಾಗಿ ಕಳಿಸಿದ್ದ. ಅವು ಸುಸೂತ್ರ ಮುಟ್ಟಿದ್ದವು. ದಾರಿಯುದ್ದಕ್ಕೂ ಅವನ ಬಾಯಲ್ಲಿ ಕಟ್ಟಿಗೆಯದೇ ಮಾತು. ಜಾಕೆಟ್ಟುಗಳು ಶೋಭಾಳ ಚೀಲದಲ್ಲಿದ್ದವು. ಬಟ್ಟೆಗೆ ಯಾರು ಏನು ಮಾಡುತ್ತಾರೆ ಅಂತ ನಾವೆಲ್ಲ ನಿಶ್ಚಿಂತೆ.

ನನ್ನ ಅಂಜಿಕೆ ಬೇರೆ ಇತ್ತು. ನನ್ನ ಚೀಲದಲ್ಲಿ ಕರದಂಟಿನ ಡಬ್ಬಿ ಇತ್ತು. ಗೋಕಾಕದವನು ಕೈಬೀಸಿಕೊಂಡು ಹೋದರೆ ಊರ ಮರ್ಯಾದೆ ಏನಾಗಬೇಕು? ತಪಾಸಣೆಯಲ್ಲಿ, ತಿನ್ನುವ ವಸ್ತು ಏನಾದರೂ ಇದೆಯೇ ಅಂತ ಕೇಳಿದ ಕೂಡಲೇ ಕಳ್ಳ ತಾನಾಗಿ ಸಿಕ್ಕಿಬಿದ್ದ ಹಾಗೆ ಡಬ್ಬಿ ತೆಗೆದು ಮುಂದಿಟ್ಟೆ. ಅಧಿಕಾರಿ ನರೆತ ತಲೆಯ ಹೆಂಗಸು. ತಿರುವಿ ನೋಡಿದಳು, ಒಳಗಿರುವುದು ಏನೇನು ಅಂತ ಓದಿದಳು, ಹೋಗಿ ಅಂದಳು. ನನ್ನ ಎದೆ ಹಗುರಾಯಿತು. ಶೋಭಾಳನ್ನೂ ಅದೇ ಕೇಳಿದಳು. ಶೋಭಾ ಇಲ್ಲ ಅಂದಳು.

ಅಷ್ಟರಲ್ಲಿ ಒಂದು ನಾಯಿ ಬಂತು. ನೀಲಿ ಅಂಗಿ ತೊಟ್ಟ ನಾಯಿ, ಜೊತೆಗೊಬ್ಬ ಸಿಪಾಯಿಯಂಥವನು. ಬೊಗಳಲಿಲ್ಲ, ಮೂಸಿ ನೋಡಿ ಶೋಭಾಳ ಚೀಲದ ಪಕ್ಕ ಸುಮ್ಮನೆ ಕುಳಿತುಬಿಟ್ಟಿತು. ನಾನು ನಮ್ಮ ಬಸ್‌ಸ್ಟ್ಯಾಂಡಿನ ಅಭ್ಯಾಸದಲ್ಲಿ, "ಹಚಾ! ಹಚಾ!" ಅಂದೆ. ನಾಯಿ ಕದಲಲಿಲ್ಲ. ಅದರ ಯಜಮಾನ ನನ್ನನ್ನು ನೋಡಿದ ನೋಟಕ್ಕೆ ನಾನೇ ಎರಡು ಹೆಜ್ಜೆ ಹಿಂದೆ ಸರಿದೆ.

ಚೀಲ ತೆರೆಸಿದರು. ಆ ಹೆಂಗಸು ಕೈಗವಸು ಹಾಕಿಕೊಂಡು ಒಂದೊಂದೇ ಜಾಕೆಟ್ಟಿನ ಅಂಚನ್ನು ಬೆರಳಲ್ಲಿ ಒತ್ತುತ್ತ ಹೋದಳು. ಒಂದು ಮೂಲೆಗೆ ಬಂದಾಗ ಬೆರಳು ನಿಂತಿತು. ಒಳಗೆ ಏನಿದೆ ಅಂತ ಕೇಳಿದಳು. ಶೋಭಾಳ ಮುಖ ಬಿಳಿಚಿಕೊಂಡಿತು. ಆಗಲೇ ನನಗೂ ಹೊಳೆದದ್ದು. ಅಯ್ಯ ಶಿವನೇ, ರೊಟ್ಟಿ!

ತಿನ್ನುವ ವಸ್ತು ಇಲ್ಲ ಅಂದಿರಲ್ಲ ಅಂತ ಹೆಂಗಸು ಕೇಳಿದಳು. ಶೋಭಾ ಇಂಗ್ಲಿಷಿನಲ್ಲಿ ಹೇಳಿದ ಉತ್ತರ ನನಗೆ ಈಗಲೂ ಕಿವಿಯಲ್ಲಿದೆ: ಅದು ನಾವು ತಿನ್ನುವುದಲ್ಲ, ಜಾಕೆಟ್ ತಿನ್ನುವುದು.

ಅವಳು ಆಟ ಆಡಲಿಲ್ಲ, ಸುಳ್ಳೂ ಹೇಳಲಿಲ್ಲ. ಕೌದಿಯ ಹೊಟ್ಟೆಯೊಳಗಿನ ರೊಟ್ಟಿಯನ್ನು ನಮ್ಮಲ್ಲಿ ಯಾರೂ ಊಟದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಆ ಮಾತು ಅಲ್ಲಿ ಹೇಗೆ ಕೇಳಿಸಿರಬೇಕು ನೋಡಿ. ಹೆಂಗಸು ಇನ್ನೊಬ್ಬ ಅಧಿಕಾರಿಯನ್ನು ಕರೆದಳು. ಇಲ್ಲಿ ಸುಳ್ಳು ಹೇಳುವುದು ದೊಡ್ಡ ತಪ್ಪು, ಜಾಕೆಟ್ಟುಗಳನ್ನು ಸುಡಬೇಕಾದೀತು ಅಂತ ಅವನು ಮೆತ್ತಗಿನ ದನಿಯಲ್ಲೇ ಹೇಳಿದ.

ಶೋಭಾ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. "ಕಾಕಾರ, ಸುಡತಾರಂತ್ರಿ. ಆ ಮಂದಿಗಿ ಏನಂತ ಮಾರಿ ತೋರಿಸ್ಲಿ? ಅವರವ್ವಗೋಳ ಸೀರಿ ಅವು!"

ಬಸವರಾಜ ತಲೆ ತಲೆ ಬಡಿದುಕೊಂಡ. "ಕಟಗಿಗಿ ಹೊಗಿ ಹಾಕ್ಸಿದ್ನಿ, ಎಲ್ಲಾ ಮಾಡಿದ್ನಿ. ಅರಿವಿ ವಿಚಾರನ ಮಾಡ್ಲಿಲ್ಲಲ್ಲ ನಾವು!"

ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಏನು ಮಾಡಲಿ ತಿಳಿಯದೆ ಕ್ಯಾಮೆರಾ ತೆಗೆದೆ. ಫೋಟೊ ತೆಗೆಯಬಾರದು ಅಂತ ಆ ಅಧಿಕಾರಿ ಕೈ ಅಡ್ಡ ಹಿಡಿದ. ತೆಗೆಯುವುದಲ್ಲ, ತೋರಿಸುವುದು ಅಂತ ಸನ್ನೆ ಮಾಡಿ ಗಂಗವ್ವನ ಕೈಯ ಫೋಟೊ ಹುಡುಕಿ ಹೆಂಗಸಿನ ಮುಂದೆ ಹಿಡಿದೆ. ಮುಂದಿನದು, ಅದರ ಮುಂದಿನದು. ರೊಟ್ಟಿ ಇಡುವುದು, ಮೂಲೆ ಮಡಚುವುದು, ಹೊಲಿಗೆ, ಆಮೇಲೆ ಜಾಕೆಟ್ಟಿನ ಹೊಟ್ಟೆ ತಟ್ಟಿ ನಗುವ ಗಂಗವ್ವ. ಹೆಂಗಸು ಫೋಟೊ ದೊಡ್ಡದು ಮಾಡಿ ಮಾಡಿ ನೋಡಿದಳು. ಇವರು ಯಾರು ಅಂತ ಕೇಳಿದಳು. ನನ್ನ ತಾಯಿ ಅಂದಳು ಶೋಭಾ. ಬಟ್ಟೆ ಹಸಿದಿರಬಾರದು ಅಂತ ಹೀಗೆ ಮಾಡುತ್ತಾರೆ ಅಂತ ಬಿಡಿಸಿ ಹೇಳಿದಳು.

ಅಧಿಕಾರಿಗಳಿಬ್ಬರೂ ದೂರ ನಿಂತು ಬಹಳ ಹೊತ್ತು ಮಾತಾಡಿದರು. ನಾವು ಮೂವರೂ ಪರೀಕ್ಷೆಯ ರಿಸಲ್ಟಿಗೆ ನಿಂತವರ ಹಾಗೆ ನಿಂತಿದ್ದೆವು. ಕೊನೆಗೆ ಹೆಂಗಸು ಬಂದು, ರೊಟ್ಟಿ ಕಾಳು ಎಲ್ಲ ಇಲ್ಲಿಯೇ ತೆಗೆದುಕೊಟ್ಟರೆ ಬಟ್ಟೆ ಬಿಡುತ್ತೇವೆ ಅಂದಳು. ಇನ್ನು ಮುಂದೆ ಹೀಗೆ ಮಾಡಬೇಡಿ ಅಂತ ಎಚ್ಚರಿಕೆಯನ್ನೂ ಕೊಟ್ಟಳು. ಬಿಚ್ಚಲು ಅವಳೇ ಸಣ್ಣ ಕತ್ತರಿ ತಂದಿದ್ದಳು. ಶೋಭಾ ಅದನ್ನು ಕೈಚಾಚಿ ಇಸಕೊಂಡು, ನಾನೇ ಬಿಚ್ಚುತ್ತೇನೆ ಅಂದಳು. ಏಳೂ ಮೂಲೆ ಬಿಚ್ಚಿದಳು. ಗಂಗವ್ವನ ಹೊಲಿಗೆ ಅಷ್ಟು ಸುಲಭಕ್ಕೆ ಬಿಡುವುದಲ್ಲ. ಅಜ್ಜಿಯ ಇಳಕಲ್ ಸೀರೆಯಲ್ಲಿ ಒಂದೆರಡು ಎಳೆ ಹರಿದೇ ಹೋದವು. ರೊಟ್ಟಿ ಚೂರುಗಳನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ ತೆಗೆದುಕೊಂಡು ಹೋದರು.

ಹೆಲೆನ್ ಬಾಯಿಯ ಮನೆ

ಊರೊಳಗೆ ಟ್ರಾಮಿನಲ್ಲಿ ಹೋದೆವು. ರಸ್ತೆಯ ನಡುವೆಯೇ ಹಳಿ, ಅದರ ಮೇಲೆ ರೈಲಿನ ತಮ್ಮನಂಥದ್ದು. ಕಾಲೇಜಿನ ಹುಡುಗರು ತುಂಬಿದ್ದರು. ನಮ್ಮ ಅರಭಾವಿ ಬಸ್ಸಿನಷ್ಟೇ ಗರ್ದಿ, ಆದರೆ ಒಂದು ಸದ್ದಿಲ್ಲ. ಎಲ್ಲರೂ ಯಾರದೋ ಸಾವಿಗೆ ಹೊರಟವರಂತೆ ಕೂತಿದ್ದರು. ಆಮೇಲೆ ಹತ್ತಿದ ಬಸ್ಸಿನಲ್ಲಿ ಇಳಿಯುವ ಪ್ರತಿಯೊಬ್ಬರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳಿ ಇಳಿದರು. ನಮ್ಮ ಡ್ರೈವರನಿಗೆ ಹಾಗೆ ಹೇಳಿ ನೋಡಿ, ಏನೋ ಮರೆತು ಹೋಗಿದ್ದಾನೆ ಅಂತ ಬಸ್ಸು ನಿಲ್ಲಿಸಿಯಾನು. ಬೇರೆ ದಿನವಾಗಿದ್ದರೆ ಇದನ್ನೆಲ್ಲ ಹೇಳಿ ಬಸವರಾಜನನ್ನು ನಗಿಸುತ್ತಿದ್ದೆ. ಅವತ್ತು ಯಾರಿಗೂ ನಗುವ ಮನಸ್ಸಿರಲಿಲ್ಲ.

ಗುಂಪಿನವರು ನಮಗೆ ಇಳಿದುಕೊಳ್ಳಲು ಕೊಟ್ಟದ್ದು ಹೆಲೆನ್ ಎಂಬ ವಯಸ್ಸಾದ ಹೆಂಗಸಿನ ಮನೆಯ ಹಿಂದಿನ ಎರಡು ಕೋಣೆ. ನಮ್ಮ ಕಡೆಯ ಮರ್ಯಾದೆಯಂತೆ ನಾವು ಆಕೆಗೆ ಹೆಲೆನ್ ಬಾಯಿ ಅಂದೆವು. ಶೋಭಾ ಜಾಕೆಟ್ಟುಗಳನ್ನು ಹಾಸಿಗೆಯ ಮೇಲೆ ಸಾಲಾಗಿ ಹರವಿ ಕೂತಳು. ಬಿಚ್ಚಿದ ಮೂಲೆಗಳು ಬಾಯಿ ತೆರೆದಿದ್ದವು. ಮರುದಿನ ಬೆಳಿಗ್ಗೆ ಪ್ರದರ್ಶನ.

"ಮೂಲಿ ಹೊಲದ ಬಿಡು, ಮುಗೀತು," ಅಂದ ಬಸವರಾಜ. "ಒಳಗ ಏನೂ ಇಲ್ಲಂತ ಯಾರಿಗಿ ಗೊತ್ತಾಗ್ತೈತಿ?"

"ನನಗ ಗೊತ್ತಾಗಂಗಿಲ್ಲೇನ್ರಿ?" ಶೋಭಾ ತಿರುಗಿಬಿದ್ದಳು. "ಅವ್ವ ಉಣಿಸಿ ಕಳಿಸ್ಯಾಳ, ನಾ ಹಸದದ್ದನ್ನ ಒಯ್ದು ನಾಕ್ ಮಂದಿ ಮುಂದ ತೂಗ ಹಾಕ್ಲಿ?"

ನಾನು ನಡುವೆ ಬಾಯಿ ಹಾಕಲಿಲ್ಲ. ಗಂಡ ಹೆಂಡತಿ ಜಗಳ, ಅದೂ ಪರದೇಶದಲ್ಲಿ. ಆದರೆ ಅವಳ ಮಾತು ನನಗೆ ಸರಿ ಅನ್ನಿಸಿತು. ಮಾಡಿದ ಕೆಲಸ ಅರ್ಧಕ್ಕೆ ನಿಂತರೆ ಮಾಡಿದವರಿಗೆ ಕಾಲಲ್ಲಿ ಮುಳ್ಳು ಮುರಿದ ಹಾಗೆ. "ಅವ್ವಗ ಒಂದ್ ಫೋನ್ ಹಚ್ಚಬೇ," ಅಂದೆ ಕೊನೆಗೆ. ಅವಳು ಒಲ್ಲೆ ಅಂದಳು. ಅವ್ವನಿಗೆ ಏನಂತ ಹೇಳುವುದು, ನೀನು ಇಟ್ಟ ರೊಟ್ಟಿ ಕಸಿದುಕೊಂಡರು ಅಂತಲೇ? ಎರಡು ಸಲ ಒಲ್ಲೆ ಅಂದು ಮೂರನೆಯ ಸಲ ತಾನೇ ಹಚ್ಚಿದಳು.

ಹುಕ್ಕೇರಿಯಲ್ಲಿ ಆಗ ಇನ್ನೂ ಮಧ್ಯಾಹ್ನ. ಗಂಗವ್ವ ಫೋನನ್ನು ಎಷ್ಟು ಹತ್ತಿರ ಹಿಡಿದಿದ್ದಳೆಂದರೆ ನಮಗೆ ಅವಳ ಹಣೆಯ ವಿಭೂತಿ ಮಾತ್ರ ಕಾಣುತ್ತಿತ್ತು. ಶೋಭಾ ಎಲ್ಲ ಹೇಳಿದಳು.

"ಸೀರಿ ಸುಟ್ರೇನ?"

"ಇಲ್ಲವ್ವಾ, ಸೀರಿ ಅದಾವು. ರೊಟ್ಟಿ, ಕಾಳು ಅಷ್ಟ ತಗೊಂಡ್ರು."

"ಅಷ್ಟ ಹೌದಿಲ್ಲೋ? ತಗೊಳ್ಳಿ ಬಿಡು. ನಮ್ಮ ಜ್ವಾಳದಾಗಿನ ಹುಳ ಅವರ ಹೊಲಕ್ಕ ಹೋಗಿ ಪೀಕು ತಿಂದ್ರ ಅವರ ಗತಿ ಏನು? ಅವರೂ ಮಕ್ಕಳ ಮರಿ ಸಾಕಬೇಕಲ್ಲ." ಗಂಗವ್ವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಆ ಮಂದಿ ಏನ್ ತಿಂತಾರ ಅಲ್ಲಿ?"

"ಬ್ರೆಡ್ಡವ್ವಾ."

"ಮತ್ತ ಅದನ್ನ ಇಡು. ಅವರ ಊರಾಗ ಅವರ ರೊಟ್ಟಿ. ಹೊಟ್ಟಿ ತುಂಬಿದ್ರ ಆತು, ಜ್ವಾಳದ್ದ ಬೇಕಂತ ಹಟಾ ಮಾಡ್ತೈತೇನ್ ಅದು?"

ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಎಷ್ಟು ಸಹಜವಾಗಿ ಹೇಳಿದಳು! ನಾವು ಮೂವರು ಇಷ್ಟು ಹೊತ್ತು ಸೂತಕದ ಮನೆಯವರ ಹಾಗೆ ಕೂತಿದ್ದೆವು.

ಶೋಭಾ ಅಡಿಗೆಮನೆಗೆ ಹೋಗಿ ಹೆಲೆನ್ ಬಾಯಿಯನ್ನು ನಿನ್ನೆಯದೋ ಮೊನ್ನೆಯದೋ ಒಣಗಿದ ಬ್ರೆಡ್ಡಿನ ತುಂಡು ಇದ್ದರೆ ಕೊಡಿ ಅಂತ ಕೇಳಿದಳು. ಯಾಕೆ, ಹಕ್ಕಿಗೆ ಹಾಕಲಿಕ್ಕೋ ಅಂತ ಅವಳು ಕೇಳಿದಳು. ಶೋಭಾ ಒಂದು ಜಾಕೆಟ್ ತಂದು ಬಿಚ್ಚಿದ ಮೂಲೆ ತೋರಿಸಿ ಎಲ್ಲ ಹೇಳಿದಳು. ಹೆಲೆನ್ ಬಾಯಿ ಬ್ರೆಡ್ಡಿನ ಡಬ್ಬಿಗೆ ಹಾಕಿದ ಕೈ ಹಿಂದಕ್ಕೆ ತೆಗೆದಳು. ಹಾಗಾದರೆ ಹಳೆಯದು ಬೇಡ, ಸ್ವಲ್ಪ ತಡೆಯಿರಿ, ಒಲೆಯಲ್ಲಿ ಬೇಯುತ್ತಿದೆ ಅಂದಳು. ಬಂದವರಿಗೆ ತಂಗಳು ಇಡಬಾರದು ಅನ್ನುವುದು ಆಕೆಗೂ ಗೊತ್ತಿತ್ತು. ಬಿಸಿ ಬ್ರೆಡ್ಡನ್ನು ತಾನೇ ಕೊಯ್ದು, ಸಣ್ಣ ಚೂರು ಮಾಡಿ, ಕೆಡಬಾರದು ಅಂತ ಮತ್ತೆ ಒಲೆಯಲ್ಲಿಟ್ಟು ಗರಿಗರಿ ಒಣಗಿಸಿ ಕೊಟ್ಟಳು. ಶೋಭಾ ಹೊಲಿಯುತ್ತ ಕೂತಳು. ಅಂದು ಮುಗಿಯದ್ದನ್ನು ಬೆಳಿಗ್ಗೆ ಎದ್ದು ಮುಗಿಸಿದಳು.

ಪ್ರದರ್ಶನ

ಹಳೆಯ ಉಣ್ಣೆಯ ಗೋದಾಮು ಅದು. ಎತ್ತರದ ಕಿಟಕಿಗಳಿಂದ ಬೆಳಕು ಚೆನ್ನಾಗಿ ಬೀಳುತ್ತಿತ್ತು, ಧೋತರ ಕಟ್ಟುವ ಗರಜು ಬೀಳಲಿಲ್ಲ. ಜನ ಬರುವ ಮೊದಲು ಎಲ್ಲರ ಕೆಲಸದ ಫೋಟೊ ಮುಗಿಸಬೇಕಿತ್ತು. ಒಬ್ಬ ಹುಡುಗಿ ಮಾಡಿದ ಸ್ಟೂಲು ಒಂದು ಕಡೆ ವಾಲುತ್ತಿತ್ತು. ಪಾಪ, ಕಾಲು ಗಿಡ್ಡ ಆಗಿದೆ ಅಂತ ನಾನು ಕಾಗದ ಮಡಚಿ ಕೆಳಗಿಟ್ಟೆ. ಅವಳು ಬಂದು ಕಾಗದ ತೆಗೆದಳು. ವಾಲುವುದೇ ಅದರ ವಿನ್ಯಾಸವಂತೆ! ನಮ್ಮಲ್ಲಿ ಅಂಥದ್ದನ್ನು ಮಾಡಿದ ಬಡಗಿಗೆ ಮನೆಯವರು ಚಹಾ ಸಹ ಕೊಡುವುದಿಲ್ಲ.

ಬಸವರಾಜನ ಕುರ್ಚಿಗಳ ಮುಂದೆ ಜನ ಕೈಕಟ್ಟಿ ನಿಂತು ನೋಡಿದರು. ಪ್ರದರ್ಶನದ ವಸ್ತು ಮುಟ್ಟಬಾರದು ಅನ್ನುವುದು ಅವರ ರೂಢಿ. ಕುರ್ಚಿಯ ಮುಂದೆ ಮನುಷ್ಯ ನಿಂತಿದ್ದರೆ ಬಸವರಾಜನಿಗೆ ತಡೆದುಕೊಳ್ಳಲಾಗುವುದಿಲ್ಲ. "ಕೂಡ್ರಿ, ಕೂಡ್ರಿ," ಅಂತ ಕನ್ನಡದಲ್ಲೇ ಕೈಹಿಡಿದು ಕೂಡ್ರಿಸತೊಡಗಿದ. ಕಾಲು ಎಲ್ಲಿಡಬೇಕು ತಿಳಿಯದೆ ಅವರು ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತರು. ಅವನು ಬಾಜೂಕಿನ ಕುರ್ಚಿಯಲ್ಲಿ ಕಾಲು ಮಡಚಿ ಕೂತು ತೋರಿಸಿದ. ಮಧ್ಯಾಹ್ನದ ಹೊತ್ತಿಗೆ ಶೂ ಬಿಚ್ಚಿದ ಜನ ಸಾಲಾಗಿ ಪಂಕ್ತಿಗೆ ಕೂತ ಹಾಗೆ ಕೂತಿದ್ದರು. ಬಡಿಸುವವರು ಮಾತ್ರ ಬರುವುದು ಬಾಕಿ. ಕಡೆಗೆ ಕುರ್ಚಿಯ ಮೇಲೆ ಮನುಷ್ಯರಿರುವ ಫೋಟೊ ನನಗೆ ಸಿಕ್ಕಿತು.

ಜಾಕೆಟ್ಟುಗಳು ಅವುಗಳ ಹಿಂದೆ ಕೋಲಿಗೆ ತೂಗುತ್ತಿದ್ದವು. ಏಳೂ ಇದ್ದವು. ಶೋಭಾ ಪ್ರತಿಯೊಂದನ್ನೂ ಯಾರ ತಾಯಿಯ ಸೀರೆ ಅಂತ ಹೆಸರು ಹಿಡಿದು ಹೇಳುತ್ತಿದ್ದಳು. ಕೆಲವರು ಕೇಳಿ ಕೇಳಿ ಮೂಲೆ ಒತ್ತಿ ನೋಡಿದರು. ಒಬ್ಬರು ಒಂದನ್ನು ಕೊಂಡೇ ಹೋಗುತ್ತೇನೆ ಅಂತ ಹಟ ಹಿಡಿದಾಗ, ಇವರೆಲ್ಲ ಊರಿಗೆ ವಾಪಸ್ ಹೋಗಬೇಕು ಅಂದಳು. ಅವಳು ಸೀರೆಗಳಿಗೆ 'ಇವರು' ಅಂದದ್ದನ್ನು ಬಸವರಾಜನೂ ನಾನೂ ಗಮನಿಸಿದೆವು.

ಬಾಗಿಲು ಮುಚ್ಚುವ ಹೊತ್ತಿಗೆ ಗಂಗವ್ವನ ಫೋನು ಬಂತು. ಈ ಸಲ ಓಣಿಯ ಹೆಣ್ಣುಮಕ್ಕಳೂ ಅವಳ ಸುತ್ತ ಇದ್ದರು. ಶೋಭಾ ಫೋನನ್ನು ಜಾಕೆಟ್ಟುಗಳ ಉದ್ದಕ್ಕೂ ನಿಧಾನ ಹಿಡಿದುಕೊಂಡು ಹೋದಳು. ಆ ಕಡೆಯಿಂದ, ನಮ್ಮವ್ವ ನೋಡ್ರಿ, ಅಗೋ ನಮ್ಮವ್ವ, ಅನ್ನುವ ಗದ್ದಲ. ಶೋಭಾಳ ಮುಖ ಆ ಎರಡು ದಿನದಲ್ಲಿ ಮೊದಲ ಸಲ ಅರಳಿತು.

"ಎಲ್ಲಾನೂ ಉಂಡಾವೇನ?" ಅಂತ ಗಂಗವ್ವ ಕೇಳಿದಳು.

"ಉಂಡಾವವ್ವಾ. ಬಿಸಿ ಬ್ರೆಡ್ಡು. ಎಲ್ಲಾ ಹೊಟ್ಟಿ ತುಂಬ್ಯಾವು."

"ಹಂಗಾದ್ರ ಆತು." ಗಂಗವ್ವ ಒಂದು ಗಳಿಗೆ ಮಗಳ ಮುಖವನ್ನೇ ನೋಡಿದಳು. "ನೀ ಏನ್ ಉಂಡಿ?"

ವಿಮಾನ ಇಳಿದಾಗಿನಿಂದ ಶೋಭಾ ನೀರು, ಚಹಾ ಬಿಟ್ಟು ಬಾಯಿಗೆ ಏನೂ ಹಾಕಿರಲಿಲ್ಲ. ಜೊತೆಗಿದ್ದ ನಾವಿಬ್ಬರು ಗಂಡಸರು ಹೆಲೆನ್ ಬಾಯಿಯ ಬ್ರೆಡ್ಡು ಎರಡು ಹೊತ್ತೂ ತಿಂದು ಕೈತೊಳೆದವರು, ಒಮ್ಮೆಯೂ ಅವಳನ್ನು ಕೇಳಿರಲಿಲ್ಲ. ಅವಳು ಅಲ್ಲೇ ಒಂದು ಕುರ್ಚಿಯ ಮೇಲೆ ಕುಸಿದು, ಫೋನನ್ನು ಮಡಿಲಲ್ಲಿಟ್ಟುಕೊಂಡು ಸಣ್ಣ ಮಕ್ಕಳ ಹಾಗೆ ಅತ್ತಳು. ಮಡಿಲಿನಿಂದ ಗಂಗವ್ವನ ದನಿ ಕೇಳುತ್ತಲೇ ಇತ್ತು: "ಬಸವರಾಜಾ, ಏ ಬಸವರಾಜಾ, ಮದಲ ಅಕಿಗಿ ಏನರ ತಿನ್ನಾಕ ಕೊಡೋ."